ಕಂಪಿನ ಕಡತ

ಕಳೆದ ಮಾರ್ಗಶಿರದಲ್ಲಿ ನನ್ನ ತಂಗಿ ಬಾಣಂತನಕ್ಕೆಂದು ಹೈದರಾಬಾದಿನ ನಮ್ಮ ಮನೆಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬಳ್ಳಾರಿಯ ಮನೆ ಬಿಟ್ಟು ತಾರ್ನಾಕಾದಲ್ಲಿ ನಮ್ಮೊಡನೆಯೇ ಇರುವುದರಿಂದ ತಂಗಿಗೆ ತವರೆಂದರೆ ಈಗ ಇದೇ. ಮಗುವಿಗೆ ಹನ್ನೊಂದು ದಿನ ತುಂಬಿದ ಬೆಳಿಗ್ಗೆ ಅಮ್ಮ ತನ್ನ ಟ್ರಂಕಿನಿಂದ ಒಂದು ಬಟ್ಟೆಯ ಗಂಟನ್ನು ತೆಗೆದಳು. ಅದರಲ್ಲಿ ಒಂದು ಪುಟ್ಟ ಸಾಣೆಕಲ್ಲು, ಒಂದು ತುಂಡು ಬಜೆಯ ಬೇರು. ಬಜೆಯನ್ನು ಎದೆಹಾಲಿನಲ್ಲಿ ತೇಯ್ದು ಮಗುವಿನ ನಾಲಿಗೆಗೆ ಒಂದಿಷ್ಟು ಸವರಿದರೆ ಮಾತು ಬೇಗ ಬರುತ್ತದೆ, ಹೊಟ್ಟೆಯುಬ್ಬರ ಬರುವುದಿಲ್ಲ ಎಂಬುದು ಅವಳ ನಂಬಿಕೆ. ನಾವಿಬ್ಬರೂ ಹಾಗೆಯೇ ಬೆಳೆದವರು.

ತಂಗಿ ಒಪ್ಪಲಿಲ್ಲ. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನನ್ನೂ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಆ ಹೊತ್ತಿಗೆ ಸರಿಯಾಗಿ ನನ್ನ ಮಗ ಶಾಲೆಗೆ ಹೊರಡುವ ಮುನ್ನ ಸ್ಟ್ರಾಬೆರಿ ಹಾಲಿನ ಬಾಟಲಿಯನ್ನು ಬಾಯಿಗೆ ಹಚ್ಚಿಕೊಂಡು ನಡುಮನೆಗೆ ಬಂದ. ಅಮ್ಮನಿಗೆ ಅಷ್ಟೇ ಸಾಕಾಯಿತು.

“ಅವನು ಕುಡಿಯೋ ಆ ಕೆಮಿಕಲ್ ಆಗ್ತದೆ, ನಮ್ಮ ಗಿಡದ ಬೇರು ಆಗಲ್ಲ ಅಲ್ಲೇನೆ?”

“ಅದು ಟೆಸ್ಟ್ ಆಗಿ ಬಂದಿರ್ತದಮ್ಮ. ಈ ಬೇರನ್ನ ಯಾರು ಟೆಸ್ಟ್ ಮಾಡಿದಾರೆ?” ಎಂದಳು ತಂಗಿ.

ಇಬ್ಬರೂ ತೀರ್ಪಿಗಾಗಿ ನನ್ನ ಕಡೆ ನೋಡಿದರು. ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ. ಹೊಟ್ಟೆಪಾಡಿಗೆ ಮಾಡುತ್ತಿರುವುದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ಕೆಲಸ. ವಿಷವಿಜ್ಞಾನ ನನ್ನ ಹೊಲವಲ್ಲ. ಆದರೆ ಕಡತದ ಕೆಲಸ ಒಂದು ಅಭ್ಯಾಸವನ್ನು ಕಲಿಸಿದೆ: ಯಾರು ಏನು ಹೇಳಿದರು ಎಂಬುದಕ್ಕಿಂತ ದಾಖಲೆ ಏನು ಹೇಳುತ್ತದೆ ಎಂದು ನೋಡುವುದು. ಆ ದಿನ ಕಚೇರಿಯಿಂದ ಬಂದವನೇ ದಾಖಲೆಗಳನ್ನು ಹುಡುಕತೊಡಗಿದೆ. ಮುಂದಿನ ಕೆಲವು ವಾರ ಓದಿ ತಿಳಿದುಕೊಂಡದ್ದನ್ನು, ಅದರಿಂದ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಅಮ್ಮ ಕೇಳಿದ ಪ್ರಶ್ನೆ ತಪ್ಪು, ತಂಗಿಯ ಭರವಸೆ ಅರ್ಧ ಸತ್ಯ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಗಳಲ್ಲಿ, ಆಹಾರಕ್ಕೆ ಸುವಾಸನೆಯಾಗಿ ಬಳಸಕೂಡದ ಪದಾರ್ಥಗಳ ಒಂದು ಚಿಕ್ಕ ಪಟ್ಟಿಯಿದೆ. ಕೂಮರಿನ್, ಸ್ಯಾಫ್ರೋಲ್, ಎಸ್ಟ್ರಗೋಲ್, ಥುಜೋನ್, ಯೂಜೆನಿಲ್ ಮೀಥೈಲ್ ಈಥರ್ ಮೊದಲಾದ ಹೆಸರುಗಳ ನಡುವೆ ‘ಬೀಟಾ ಅಸರೋನ್’ ಎಂಬುದೂ ಇದೆ. ಇದು ಬೇರಾವುದೂ ಅಲ್ಲ, ಬಜೆಯ ಎಣ್ಣೆಯ ಮುಖ್ಯ ಘಟಕ. 1960ರ ದಶಕದಲ್ಲಿ ಅಮೆರಿಕದಲ್ಲಿ ಇಲಿಗಳಿಗೆ ಭಾರತದ ಬಜೆಯ ಎಣ್ಣೆಯನ್ನು ತಿನ್ನಿಸಿದಾಗ ಕರುಳಿನಲ್ಲಿ ಗಡ್ಡೆಗಳು ಕಾಣಿಸಿಕೊಂಡವು. 1968ರಲ್ಲಿ ಆ ದೇಶ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಎಲ್ಲ ಬಜೆಯೂ ಒಂದೇ ಅಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಅಮೆರಿಕದ ಕಾಡುಬಜೆಯಲ್ಲಿ ವರ್ಣತಂತುಗಳು ಎರಡು ಗುಂಪು; ಅದರಲ್ಲಿ ಬೀಟಾ ಅಸರೋನ್ ಇಲ್ಲವೆಂದೇ ಹೇಳಬೇಕು. ಯುರೋಪಿನದರಲ್ಲಿ ಮೂರು ಗುಂಪು, ಅಸರೋನ್ ಸ್ವಲ್ಪ. ನಮ್ಮ ಕಡೆ ಬೆಳೆಯುವ ನಾಲ್ಕು ಗುಂಪಿನ ತಳಿಯಲ್ಲಿ ಎಣ್ಣೆಯ ಬಹುಪಾಲು ಅದೇ.

ಇದನ್ನು ಓದಿದಾಗ ಅಮ್ಮನ ವಾದ ಕುಸಿದುಬಿತ್ತು ಎಂದು ನನಗೆ ಖುಷಿಯಾಗಲಿಲ್ಲ. ಯಾಕೆಂದರೆ ಅಮ್ಮನದು ಅವಳೊಬ್ಬಳ ವಾದವಲ್ಲ. ನಾವು ವಿದ್ಯಾವಂತರೆನಿಸಿಕೊಂಡವರೂ ‘ನೈಸರ್ಗಿಕ’ ಎಂಬ ಒಂದು ಪದ ಕಂಡರೆ ನೂರು ರೂಪಾಯಿ ಹೆಚ್ಚು ಕೊಟ್ಟು ಸಾಬೂನು ಕೊಳ್ಳುತ್ತೇವೆ. ಕಂಪಿಗೆ ಒಳ್ಳೆಯ ಕುಲ, ಕೆಟ್ಟ ಕುಲ ಎಂದು ಎರಡು ಕುಲಗಳನ್ನು ಕಲ್ಪಿಸಿಕೊಂಡಿದ್ದೇವೆ. ಈ ವಿಷಯದಲ್ಲಿ ರಸಾಯನಶಾಸ್ತ್ರ ನಿರ್ದಯವಾಗಿದೆ. 1868ರಲ್ಲಿ ವಿಲಿಯಂ ಪರ್ಕಿನ್ ಕೂಮರಿನ್ ಅನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ. ಅದು ಟೊಂಕಾ ಬೀಜದಲ್ಲಿ ಇರುವ ಕೂಮರಿನ್ನೇ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ವೆನಿಲಿನ್ ತಯಾರಿಸಿದರು. ಅದು ವೆನಿಲಾ ಕೋಡಿನಲ್ಲಿರುವುದೇ. ಅಣುವಿಗೆ ತನ್ನ ಹುಟ್ಟೂರಿನ ನೆನಪಿರುವುದಿಲ್ಲ. ನಮ್ಮ ನಿಯಮಗಳು ಸುವಾಸನೆಗಳನ್ನು ನೈಸರ್ಗಿಕ, ನಿಸರ್ಗಸದೃಶ, ಕೃತಕ ಎಂದು ಮೂರಾಗಿ ವಿಂಗಡಿಸುತ್ತವೆ. ಈ ವಿಂಗಡಣೆ ಒಂದು ಪದಾರ್ಥ ಎಲ್ಲಿಂದ ಬಂತೆಂಬುದನ್ನು ಹೇಳುತ್ತದೆ. ಅದು ನಮ್ಮ ಜೀವಕೋಶದೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಹೇಳುವುದಿಲ್ಲ.

ಅದನ್ನು ಹೇಳಲು ಪರೀಕ್ಷೆ ಬೇಕು. ಆ ಪರೀಕ್ಷೆಗಳಲ್ಲಿ ಮೊದಲನೆಯದನ್ನು ವಿವರಿಸುವುದು ಕಷ್ಟವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಬ್ರೂಸ್ ಏಮ್ಸ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ರೂಪಿಸಿದ ವಿಧಾನ ಅದು. ಹಿಸ್ಟಿಡಿನ್ ಎಂಬ ಆಹಾರಾಂಶವನ್ನು ತಾವೇ ತಯಾರಿಸಿಕೊಳ್ಳಲಾರದಂತೆ ವಂಶವಾಹಿ ಕೆಟ್ಟಿರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳನ್ನು ತೆಗೆದುಕೊಳ್ಳುತ್ತಾರೆ. ಹಿಸ್ಟಿಡಿನ್ ಇಲ್ಲದ ತಟ್ಟೆಯಲ್ಲಿ ಅವು ಬದುಕಿ ಬೆಳೆಯಲಾರವು. ಆ ತಟ್ಟೆಗೆ ಪರೀಕ್ಷಿಸಬೇಕಾದ ರಾಸಾಯನಿಕವನ್ನು ಸೇರಿಸುತ್ತಾರೆ. ಅದು ವಂಶವಾಹಿಗಳನ್ನು ಕಲಕುವಂಥದ್ದಾದರೆ, ಕೆಲವು ಬ್ಯಾಕ್ಟೀರಿಯಾಗಳಲ್ಲಿ ಕೆಟ್ಟ ಅಕ್ಷರ ಆಕಸ್ಮಿಕವಾಗಿ ತಿದ್ದಿಹೋಗಿ ಅವು ಬೆಳೆಯತೊಡಗುತ್ತವೆ. ಎರಡು ದಿನ ಬಿಟ್ಟು ತಟ್ಟೆಯ ಮೇಲೆ ಎದ್ದ ಚುಕ್ಕೆಗಳನ್ನು ಎಣಿಸುವುದಷ್ಟೇ ಕೆಲಸ. ನಮ್ಮ ದೇಹದ ಯಕೃತ್ತು ಅನೇಕ ರಾಸಾಯನಿಕಗಳನ್ನು ಮಾರ್ಪಡಿಸುತ್ತದೆ. ನಿರುಪದ್ರವಿಯಾದದ್ದು ಅಲ್ಲಿ ಉಪದ್ರವಿಯಾಗಬಹುದು. ಆದ್ದರಿಂದ ಇಲಿಯ ಯಕೃತ್ತಿನ ಸಾರವನ್ನೂ ಬೆರೆಸಿ ಇನ್ನೊಮ್ಮೆ ಪರೀಕ್ಷಿಸುತ್ತಾರೆ.

ಈ ಪರೀಕ್ಷೆ ನಮ್ಮಿಂದ ದೂರದ್ದೆಂದು ಭಾವಿಸಬೇಕಿಲ್ಲ. ನಮ್ಮ ತಾರ್ನಾಕಾದಲ್ಲಿಯೇ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿ ರೋಗದ ಅಧ್ಯಯನಕ್ಕೆಂದು ಒಂದೇ ಕೋಣೆಯಲ್ಲಿ ಹುಟ್ಟಿ, 1958ರಲ್ಲಿ ಹೈದರಾಬಾದಿಗೆ ಬಂದ ಸಂಸ್ಥೆಯದು. ಅಲ್ಲಿನ ಕಲ್ಪಗಂ ಪೊಲಾಸ, ಕಮಲಾ ಕೃಷ್ಣಸ್ವಾಮಿ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬಹುಕಾಲದಿಂದ ಧೂಮಪಾನ ಮಾಡುತ್ತಿದ್ದ 16 ಮಂದಿಗೆ ದಿನಕ್ಕೆ ಒಂದೂವರೆ ಗ್ರಾಂ ಅರಿಶಿನವನ್ನು 30 ದಿನ ಕೊಟ್ಟು, ಅವರ ಮೂತ್ರವನ್ನು ಇದೇ ಏಮ್ಸ್ ವಿಧಾನದಿಂದ ಪರೀಕ್ಷಿಸಿದ್ದರು. ವಂಶವಾಹಿಗಳನ್ನು ಕಲಕುವ ಪದಾರ್ಥಗಳು ಗಣನೀಯವಾಗಿ ತಗ್ಗಿದ್ದವು. ಅಮ್ಮನಿಗೆ ಇದನ್ನು ಓದಿ ಹೇಳಿದಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಜೆಯಲ್ಲಿ ಸೋತದ್ದನ್ನು ಅರಿಶಿನದಲ್ಲಿ ಗೆದ್ದಳು. ಆದರೆ ನಾನು ಗಮನಿಸಿದ್ದು ಬೇರೆ: ಎರಡೂ ಸಂದರ್ಭಗಳಲ್ಲಿ ತೀರ್ಮಾನ ಕೊಟ್ಟದ್ದು ಪರಂಪರೆಯೂ ಅಲ್ಲ, ಆಧುನಿಕತೆಯೂ ಅಲ್ಲ, ಪರೀಕ್ಷೆ.

ಇಲ್ಲಿ ಅಪ್ಪನ ವಿಷಯ ಹೇಳಬೇಕು.

ಅಪ್ಪನಿಗೆ ಎಲೆಅಡಿಕೆಯ ಅಭ್ಯಾಸ ಮೊದಲಿಂದಲೂ ಇತ್ತು. ಬಳ್ಳಾರಿಯಲ್ಲಿದ್ದಾಗ ಅದರ ಜೊತೆಗೆ ಕಡ್ಡಿಪುಡಿ. ನಾನು ಕೆಲಸಕ್ಕೆ ಸೇರಿ ಹೈದರಾಬಾದಿಗೆ ಬಂದ ಮೇಲೆ ಅವರು ಇಲ್ಲಿಗೆ ಬಂದುಹೋಗುವಾಗಲೆಲ್ಲ ಹಳೆಯ ನಗರಕ್ಕೆ ಹೋಗಿ, ಚಾರ್‌ಮಿನಾರಿನ ಸುತ್ತಲಿನ ಅಂಗಡಿಗಳಲ್ಲಿ ಅತ್ತರು ಮೂಸಿ ನೋಡಿ, ಕೊನೆಗೆ ಒಂದು ಡಬ್ಬಿ ಪರಿಮಳದ ಜರ್ದಾ, ಒಂದು ಪುಟ್ಟ ಸೀಸೆ ಕಿಮಾಮ್ ಕೊಂಡು ತರುತ್ತಿದ್ದರು. ಆ ಜರ್ದಾದಲ್ಲಿ ಕಸ್ತೂರಿಯ ಘಮ. ಅವರು ಕೋಣೆಗೆ ಬರುವ ಮೊದಲೇ ಅವರ ಪರಿಮಳ ಬರುತ್ತಿತ್ತು. ನನ್ನ ಮಗ ತೀರ ಚಿಕ್ಕವನಿದ್ದಾಗ ಅಜ್ಜನ ಅಂಗಿಗೆ ಮೂಗು ಒತ್ತಿಕೊಂಡೇ ನಿದ್ದೆ ಹೋಗುತ್ತಿದ್ದ. ಬಾಯಿಯ ಕ್ಯಾನ್ಸರ್ ಎಂದು ಗೊತ್ತಾದಾಗ ಅವರಿಗೆ 64 ವರ್ಷ. ಹದಿನಾಲ್ಕು ತಿಂಗಳಲ್ಲಿ ಎಲ್ಲವೂ ಮುಗಿಯಿತು.

ಅಪ್ಪನ ಸಾವಿಗೆ ನಾನು ಸುಗಂಧವನ್ನು ಹೊಣೆ ಮಾಡುತ್ತಿಲ್ಲ. ತಂಬಾಕಿಗೆ ಬೇರೆಯವರ ನೆರವು ಬೇಕಿಲ್ಲ. ತಂಬಾಕು ಹಾಕದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ಸಂಪುಟದಲ್ಲಿ ಹೇಳಿದೆ. ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಅದು ಕೇಳಲು ಇಷ್ಟವಿಲ್ಲದ ಮಾತು. ಆದರೆ ಈ ಓದಿನ ನಡುವೆ ನನ್ನ ಕಣ್ಣಿಗೆ ಬಿದ್ದ ಒಂದು ಪ್ರಬಂಧ ನನ್ನನ್ನು ಎರಡು ದಿನ ಸುಮ್ಮನಾಗಿಸಿತು. 1986ರಲ್ಲಿ ‘ಫುಡ್ ಆ್ಯಂಡ್ ಕೆಮಿಕಲ್ ಟಾಕ್ಸಿಕಾಲಜಿ’ ಎಂಬ ಪತ್ರಿಕೆಯಲ್ಲಿ ಅದೇ ಲಿಯಾನ್ ಸಂಸ್ಥೆಯ ಸಂಶೋಧಕರು ಬರೆದ ಪ್ರಬಂಧ ಅದು. ಭಾರತದ ಪರಿಮಳದ ಜಗಿಯುವ ತಂಬಾಕು ಮತ್ತು ಬೀಡಾಗಳಲ್ಲಿ ಅವರು ಮಸ್ಕ್ ಆಂಬ್ರೆಟ್, ಮಸ್ಕ್ ಜೈಲೀನ್ ಎಂಬ ಎರಡು ಕೃತಕ ಕಸ್ತೂರಿಗಳನ್ನು ಗುರುತಿಸಿದ್ದರು. ಏಮ್ಸ್ ಪರೀಕ್ಷೆಯಲ್ಲಿ ಯಕೃತ್ತಿನ ಸಾರದೊಡನೆ ಮಸ್ಕ್ ಆಂಬ್ರೆಟ್ ಬ್ಯಾಕ್ಟೀರಿಯಾಗಳ ವಂಶವಾಹಿಯನ್ನು ಬದಲಿಸಿತು. ಮಸ್ಕ್ ಜೈಲೀನ್ ಬದಲಿಸಲಿಲ್ಲ.

ಈ ಕೃತಕ ಕಸ್ತೂರಿಗಳ ಹುಟ್ಟೂ ವಿಚಿತ್ರವೇ. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನಜ್ಞ ಸ್ಫೋಟಕಗಳ ಮೇಲೆ ಕೆಲಸ ಮಾಡುತ್ತಿದ್ದಾಗ ತನ್ನ ಪಾತ್ರೆಯಲ್ಲಿ ಕಸ್ತೂರಿಯ ವಾಸನೆ ಬಂದದ್ದನ್ನು ಗಮನಿಸಿದ. ಕಸ್ತೂರಿ ಮೃಗವನ್ನು ಕೊಲ್ಲದೆಯೇ ಕಸ್ತೂರಿ ದೊರೆಯುವುದು ಒಳ್ಳೆಯ ಸುದ್ದಿಯೇ ಆಗಿತ್ತು. ಆದರೆ ಈ ಬಗೆಯ ಅಣುಗಳಲ್ಲಿ ಮಸ್ಕ್ ಆಂಬ್ರೆಟ್ ನರಗಳಿಗೆ ಹಾನಿ ಮಾಡುವುದೂ, ಬಿಸಿಲು ತಾಗಿದಾಗ ಚರ್ಮವನ್ನು ಕೆಣಕುವುದೂ ಕಂಡುಬಂದು, ಸುಗಂಧೋದ್ಯಮದ ಅಂತರರಾಷ್ಟ್ರೀಯ ಒಕ್ಕೂಟವೇ ಅದನ್ನು ಬಳಸಬಾರದೆಂದು ವಿಧಿಸಿತು. ಯುರೋಪಿನ ಸೌಂದರ್ಯವರ್ಧಕಗಳಲ್ಲಿ ಅದು ನಿಷಿದ್ಧ. ಅಪ್ಪನ ಡಬ್ಬಿಯಲ್ಲಿ ಇದ್ದದ್ದು ಈ ಕಸ್ತೂರಿಯೋ, ಇನ್ನಾವುದೋ, ಡಬ್ಬಿಯ ಮೇಲೆ ಬರೆದಿರಲಿಲ್ಲ. ನನ್ನನ್ನು ಕಾಡಿದ್ದು ಅದೇ. ಅಪ್ಪ ಜರ್ದಾ ಜಗಿಯುತ್ತಿದ್ದ ವರ್ಷಗಳಿಗಿಂತ ಎಷ್ಟೋ ಮೊದಲೇ ಈ ಅಧ್ಯಯನ ನಡೆದಿತ್ತು. ನಮ್ಮದೇ ಬಾಯಿಯ ವಸ್ತುವಿನ ಕುರಿತು ಫ್ರಾನ್ಸಿನಲ್ಲಿ ಒಂದು ಕಡತ ಸಿದ್ಧವಾಗಿತ್ತು. ಜಗಿಯುವವನಿಗೆ ಅದು ತಲುಪಲೇ ಇಲ್ಲ.

ಹಾಗೆಂದು ಪರೀಕ್ಷೆಯನ್ನು ದೇವರ ವಾಕ್ಯವೆಂದು ತಿಳಿಯುವುದೂ ತಪ್ಪೇ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಎಂಬ ಪದಾರ್ಥ ಏಮ್ಸ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಆದರೂ ಈರುಳ್ಳಿ ತಿನ್ನುವವರಿಗೆ ಕ್ಯಾನ್ಸರ್ ಬರುತ್ತದೆಂದು ಯಾರೂ ಹೇಳುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಸ್ಯಾಫ್ರೋಲ್ ಸಾಮಾನ್ಯವಾಗಿ ಈ ಪರೀಕ್ಷೆಯಿಂದ ತಪ್ಪಿಸಿಕೊಂಡುಬಿಡುತ್ತದೆ. ಅದನ್ನು ಉಪದ್ರವಿಯನ್ನಾಗಿ ಮಾಡುವ ಕೊನೆಯ ಹಂತದ ಕಿಣ್ವಕ್ರಿಯೆ ಜೀವಂತ ಯಕೃತ್ತಿನಲ್ಲಿ ನಡೆಯುತ್ತದೆಯೇ ಹೊರತು ತಟ್ಟೆಗೆ ಬೆರೆಸಿದ ಸಾರದಲ್ಲಿ ಸರಿಯಾಗಿ ನಡೆಯುವುದಿಲ್ಲ. ಇಲಿಗಳ ಯಕೃತ್ತಿನಲ್ಲಿ ಅದು ಗಡ್ಡೆಗಳನ್ನು ತಂದದ್ದರಿಂದ ಅಮೆರಿಕ 1960ರಲ್ಲೇ ಅದನ್ನು ಆಹಾರದಿಂದ ಹೊರಹಾಕಿತು. ಆದ್ದರಿಂದಲೇ ಇಂದು ಒಂದು ಪರೀಕ್ಷೆಯನ್ನು ಯಾರೂ ನೆಚ್ಚಿಕೊಳ್ಳುವುದಿಲ್ಲ. ಬ್ಯಾಕ್ಟೀರಿಯಾಗಳ ಪರೀಕ್ಷೆಯ ಜೊತೆಗೆ ಸಸ್ತನಿಗಳ ಜೀವಕೋಶಗಳಲ್ಲಿ ವರ್ಣತಂತುಗಳು ಮುರಿದು ಚೂರುಗಳು ಬೇರೆಯಾಗಿ ನಿಂತಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಲ್ಲಿಯೂ ಅನುಮಾನ ಉಳಿದರೆ ಪ್ರಾಣಿಯ ದೇಹದಲ್ಲಿ ಪರೀಕ್ಷೆ. 2015ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಪೆರಿಲ್ಲಾಲ್ಡಿಹೈಡ್ ಎಂಬ ಸುವಾಸನೆಯ ಪದಾರ್ಥ ಇಲಿಗಳ ಯಕೃತ್ತಿನಲ್ಲಿ ಡಿಎನ್ಎಯನ್ನು ಮುರಿಯುತ್ತದೆಂದು ತೀರ್ಮಾನಿಸಿತು. ಅದೇ ವರ್ಷ ಅದನ್ನು ಅನುಮತಿಯ ಪಟ್ಟಿಯಿಂದ ತೆಗೆದುಹಾಕಲಾಯಿತು.

ಪರೀಕ್ಷೆ ಮಾಡುವವರು ಯಾರು ಎಂಬ ಪ್ರಶ್ನೆ ಮುಂದಿನದು. ಅಮೆರಿಕದಲ್ಲಿ 1960ರಿಂದಲೂ ಸುವಾಸನೆ ತಯಾರಕರ ಸಂಘವೇ ನೇಮಿಸಿದ ತಜ್ಞರ ಮಂಡಳಿ ಯಾವ ಪದಾರ್ಥ ಸುರಕ್ಷಿತ ಎಂದು ಹೇಳುತ್ತಾ ಬಂದಿದೆ. ಸುಗಂಧದ ಪದಾರ್ಥಗಳಿಗೆ 1966ರಲ್ಲಿ ಸ್ಥಾಪನೆಯಾದ ಉದ್ಯಮದ್ದೇ ಆದ ಸಂಶೋಧನಾ ಸಂಸ್ಥೆಯಿದೆ. ಅದು ತನ್ನ ಮೌಲ್ಯಮಾಪನಗಳನ್ನು ಪ್ರಕಟಿಸುತ್ತದೆ, ಅವುಗಳಲ್ಲಿ ವಂಶವಾಹಿ ಸುರಕ್ಷತೆಯ ಭಾಗವೂ ಇರುತ್ತದೆ. ಎಲ್ಲ ಪದಾರ್ಥಗಳನ್ನೂ ನೇರವಾಗಿ ಪರೀಕ್ಷಿಸುತ್ತಾರೆಂದಲ್ಲ. ರಚನೆಯಲ್ಲಿ ಹೋಲುವ ಇನ್ನೊಂದು ಅಣುವಿನ ಫಲಿತಾಂಶವನ್ನು ಇದಕ್ಕೂ ಅನ್ವಯಿಸುವುದುಂಟು. ತಯಾರಕರೇ ತಮ್ಮ ಮಾಲಿಗೆ ಪ್ರಮಾಣಪತ್ರ ಕೊಟ್ಟುಕೊಳ್ಳುವುದು ಎಷ್ಟು ಸರಿ ಎಂದು ಕೇಳಲೇಬೇಕು. ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು: ಅಲ್ಲಿ ಕಡತ ತೆರೆದಿದೆ. ಯಾರು ಬೇಕಾದರೂ ಓದಿ, ಒಪ್ಪದಿದ್ದರೆ ಅರ್ಜಿ ಹಾಕಬಹುದು. ಹಾಗೆ ಹಾಕಿದ ಒಂದು ಅರ್ಜಿಯಿಂದಲೇ 2018ರ ಅಕ್ಟೋಬರಿನಲ್ಲಿ ಅಲ್ಲಿಯ ಸರ್ಕಾರ ಈಥೈಲ್ ಆಕ್ರಿಲೇಟ್, ಮೀಥೈಲ್ ಯೂಜೆನಾಲ್, ಮಿರ್ಸೀನ್ ಸೇರಿದಂತೆ ಆರು ಕೃತಕ ಸುವಾಸನೆಗಳ ಅನುಮತಿಯನ್ನು ಹಿಂತೆಗೆಯಬೇಕಾಯಿತು. ಬಳಕೆಯ ಪ್ರಮಾಣದಲ್ಲಿ ಇವುಗಳಿಂದ ಅಪಾಯವಿಲ್ಲ, ಆದರೆ ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದ ಯಾವುದನ್ನೂ ಆಹಾರಕ್ಕೆ ಸೇರಿಸುವಂತಿಲ್ಲವೆಂದು 1958ರ ಕಾನೂನು ಹೇಳುವುದರಿಂದ ಬೇರೆ ದಾರಿಯಿಲ್ಲ ಎಂದು ಅದು ವಿವರಿಸಿತು.

ಆ ಆದೇಶದಲ್ಲಿ ಒಂದು ವಿಪರ್ಯಾಸವಿದೆ. ಕೃತಕ ಮೀಥೈಲ್ ಯೂಜೆನಾಲ್ ನಿಷಿದ್ಧ. ಜಾಯಿಕಾಯಿ, ಬೆಸಿಲ್ ಸೊಪ್ಪುಗಳ ಮೂಲಕ ಬರುವ ಅದೇ ಅಣುವಿಗೆ ಅಡ್ಡಿಯಿಲ್ಲ. ನಮ್ಮ 2011ರ ಪಟ್ಟಿಯಲ್ಲಿ ಯೂಜೆನಿಲ್ ಮೀಥೈಲ್ ಈಥರ್ ಎಂದಿರುವುದೂ ಇದೇ ಅಣು. 2023ರಲ್ಲಿ ಲಿಯಾನ್ ಸಂಸ್ಥೆ ಇದನ್ನು ‘ಬಹುಮಟ್ಟಿಗೆ ಕ್ಯಾನ್ಸರ್‌ಕಾರಕ’ ಎಂಬ ಮೇಲಿನ ವರ್ಗಕ್ಕೆ ಏರಿಸಿತು. ಅದೇ ಸಭೆಯಲ್ಲಿ ಅದಕ್ಕಿಂತ ಕೆಳಗಿನ ವರ್ಗಕ್ಕೆ ಸೇರಿದ ಆಸ್ಪರ್ಟೇಮ್ ಎಂಬ ಕೃತಕ ಸಿಹಿಯ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಗಿಡಮೂಲಿಕೆಗಳಲ್ಲಿ ಸಹಜವಾಗಿ ಇರುವ ಇದರ ಸುದ್ದಿ ಬಹುತೇಕ ಯಾರ ಕಿವಿಗೂ ಬೀಳಲಿಲ್ಲ. ನಮ್ಮ ಭಯಕ್ಕೂ ಕುಲಭೇದವಿದೆ.

ಇನ್ನು ನಮ್ಮ ಮನೆಗಳ ಮಾತು. ಹೊರನಾಡಿನಲ್ಲಿರುವ ಕನ್ನಡಿಗರ ದೇವರ ಕೋಣೆಯಲ್ಲಿ ಮೈಸೂರಿನ ಊದುಬತ್ತಿ ಇರದಿದ್ದರೆ ಅದು ಮನೆಯೇ ಅಲ್ಲ. 2005ರಲ್ಲಿ ಭೌಗೋಳಿಕ ಗುರುತು ಪಡೆದ ಹೆಮ್ಮೆಯ ವಸ್ತು ಅದು. 2015ರಲ್ಲಿ ದಕ್ಷಿಣ ಚೀನಾದ ಸಂಶೋಧಕರು ಊದುಬತ್ತಿಯ ಹೊಗೆಯನ್ನು ಬ್ಯಾಕ್ಟೀರಿಯಾ ಮತ್ತು ಜೀವಕೋಶಗಳ ಪರೀಕ್ಷೆಗೆ ಒಳಪಡಿಸಿ, ಸಿಗರೇಟಿನ ಹೊಗೆಗಿಂತ ಅದು ಹೆಚ್ಚು ಉಪದ್ರವಿ ಎಂದು ಬರೆದಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಯುದ್ಧವೇ ನಡೆಯಿತು. ಒಂದು ಪಕ್ಷ ಧರ್ಮದ ಮೇಲಿನ ದಾಳಿ ಎಂದಿತು. ಇನ್ನೊಂದು ಪಕ್ಷ ಅದೇ ದಿನ ಊದುಬತ್ತಿಯನ್ನು ಹೊರಗೆಸೆಯಿತು. ಆ ಅಧ್ಯಯನದಲ್ಲಿ ಪರೀಕ್ಷಿಸಿದ್ದು ನಾಲ್ಕೇ ಬಗೆಯ ಊದುಬತ್ತಿ, ಒಂದೇ ಬಗೆಯ ಸಿಗರೇಟು ಎಂಬುದನ್ನು ಎರಡೂ ಪಕ್ಷಗಳು ಓದಿರಲಿಲ್ಲ. ನಾಲ್ಕು ಕಡ್ಡಿಗಳಿಂದ ಇಡೀ ಊದುಬತ್ತಿ ಕುಲವನ್ನು ದೂಷಿಸಲಾಗದು. ಹಾಗೆಯೇ, ನಮ್ಮ ಊದುಬತ್ತಿ ಬೇರೆ ಎಂದು ಹೇಳಬೇಕಾದರೆ ನಮ್ಮದನ್ನೂ ಉರಿಸಿ ನೋಡಿ ಹೇಳಬೇಕು.

ಆ ದಿಕ್ಕಿನಲ್ಲಿ ಒಂದು ಹೆಜ್ಜೆ ಈಗ ಬಿದ್ದಿದೆ. 2025ರ ಡಿಸೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಊದುಬತ್ತಿಗೆಂದೇ ಒಂದು ಹೊಸ ಮಾನಕವನ್ನು ಹೊರತಂದಿತು. ಕೆಲವು ಕೀಟನಾಶಕಗಳ ಜೊತೆಗೆ ಬೆಂಜೈಲ್ ಸಯನೈಡ್, ಈಥೈಲ್ ಆಕ್ರಿಲೇಟ್, ಡೈಫಿನೈಲ್ ಅಮೀನ್ ಎಂಬ ಸುಗಂಧ ತಯಾರಿಕೆಯ ರಾಸಾಯನಿಕಗಳನ್ನೂ ಅದು ನಿಷೇಧಿಸುತ್ತದೆ. ಅಮೆರಿಕದ 2018ರ ಪಟ್ಟಿಯಲ್ಲಿದ್ದ ಈಥೈಲ್ ಆಕ್ರಿಲೇಟ್ ಹೀಗೆ ಏಳು ವರ್ಷಗಳ ನಂತರ ನಮ್ಮ ದೇವರ ಕೋಣೆಯ ಬಾಗಿಲಲ್ಲಿ ತಡೆಯಲ್ಪಟ್ಟಿದೆ. ಇದನ್ನು ಮನಃಪೂರ್ವಕ ಸ್ವಾಗತಿಸುತ್ತೇನೆ. ಆದರೆ ಕಡತದ ಮನುಷ್ಯನಾಗಿ ಇಷ್ಟನ್ನು ಸೇರಿಸಬೇಕು: ಇಂಥ ಮಾನಕಗಳು ಸಾಮಾನ್ಯವಾಗಿ ಸ್ವಇಚ್ಛೆಯವು, ಸರ್ಕಾರ ಪ್ರತ್ಯೇಕ ಆದೇಶ ಹೊರಡಿಸಿದಾಗ ಮಾತ್ರ ಕಡ್ಡಾಯವಾಗುತ್ತವೆ. ‘ಇದನ್ನು ಹಾಕಬೇಡಿ’ ಎಂಬ ಪಟ್ಟಿ ‘ಹಾಕಿದ್ದೇನು’ ಎಂಬುದಕ್ಕೆ ಉತ್ತರವೂ ಅಲ್ಲ.

ನನ್ನ ಕೋರಿಕೆಗಳು ಮೂರೇ. ಮೊದಲನೆಯದು, ಹೆಸರು. ಡಬ್ಬಿಯ ಮೇಲೆ ‘ಸುವಾಸನೆ ಸೇರಿಸಲಾಗಿದೆ’ ಎಂಬ ಒಂದು ಸಾಲಿನ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿ ಕುಳಿತಿರಬಹುದು. ಎಲ್ಲವನ್ನೂ ಡಬ್ಬಿಯ ಮೇಲೆ ಮುದ್ರಿಸಲಾಗದು ಎಂಬುದು ನಿಜ. ಆದರೆ ತಯಾರಕರು ಅವನ್ನು ಒಂದು ಸಾರ್ವಜನಿಕ ದಾಖಲೆಯಲ್ಲಿ ಘೋಷಿಸಲಾಗದೆ? ಎರಡನೆಯದು, ಪರೀಕ್ಷೆಯ ಫಲಿತಾಂಶ. ಅನುಮತಿ ಪಡೆದ ಪ್ರತಿ ಸುವಾಸನೆಗೂ ಯಾವ ಯಾವ ಪರೀಕ್ಷೆ ನಡೆದಿದೆ, ಯಾರು ಮಾಡಿದರು, ಏನು ಕಂಡಿತು ಎಂಬುದು ಸಾಮಾನ್ಯನಿಗೂ ಸಿಗುವಂತಿರಬೇಕು. ಮೂರನೆಯದು, ನಾವು ನಿಜವಾಗಿ ಬಳಸುವುದನ್ನು ನಾವು ಬಳಸುವ ರೀತಿಯಲ್ಲೇ ಪರೀಕ್ಷಿಸುವುದು. ಪರದೇಶದ ಕಡತಗಳಲ್ಲಿ ಚರ್ಮಕ್ಕೆ ಹಚ್ಚುವ, ಬಿಸ್ಕತ್ತಿಗೆ ಬೆರೆಸುವ ಲೆಕ್ಕವಿರುತ್ತದೆ. ಸುಣ್ಣದೊಡನೆ ಗಂಟೆಗಟ್ಟಲೆ ದವಡೆಯಲ್ಲಿಟ್ಟುಕೊಳ್ಳುವ ಕಿಮಾಮಿನ ಲೆಕ್ಕ, ಮುಚ್ಚಿದ ಕೋಣೆಯಲ್ಲಿ ಉರಿದು ಹೊಗೆಯಾಗುವ ಸುಗಂಧದ ಲೆಕ್ಕವನ್ನು ನಮಗಾಗಿ ಬೇರೆ ಯಾರು ಹಾಕಿಕೊಡುತ್ತಾರೆ? ಪೋಷಣಾ ಸಂಸ್ಥೆ, ಹಬ್ಸಿಗುಡದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಅದರ ನೆರೆಯ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ, ಅತ್ತ ಮೈಸೂರಿನಲ್ಲಿ 1950ರಿಂದ ಇರುವ ಆಹಾರ ತಂತ್ರಜ್ಞಾನ ಸಂಸ್ಥೆ ಇವೆಲ್ಲ ನಮ್ಮವೇ. ನಮ್ಮಲ್ಲಿ ವಿದ್ಯೆಯ ಕೊರತೆಯಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಮೊದಲನೆಯದು ಪ್ರಮಾಣದ್ದು: ಸುವಾಸನೆ ಎಷ್ಟು ಕಡಿಮೆ ಸೇರಿರುತ್ತದೆ ಎಂದರೆ ಅದರಿಂದ ಏನೂ ಆಗದು. ಬಹುಪಾಲು ಪದಾರ್ಥಗಳಿಗೆ ಇದು ನಿಜವೇ. ಆದರೆ ಡಿಎನ್ಎಗೆ ನೇರವಾಗಿ ಹಾನಿ ಮಾಡುವ ಪದಾರ್ಥಕ್ಕೆ ‘ಇಷ್ಟರ ಕೆಳಗೆ ಪೂರ್ಣ ಕ್ಷೇಮ’ ಎಂಬ ಗೆರೆ ಎಳೆಯಲು ತಜ್ಞರೇ ಹಿಂಜರಿಯುತ್ತಾರೆ. ಪರೀಕ್ಷೆಯಿಲ್ಲದ ಇಂಥ ಅನುಮಾನಾಸ್ಪದ ಅಣುವಿಗೆ ಅವರು ಇಟ್ಟುಕೊಂಡಿರುವ ಮಿತಿ ಒಬ್ಬ ಮನುಷ್ಯನಿಗೆ ದಿನಕ್ಕೆ 0.15 ಮೈಕ್ರೋಗ್ರಾಂ. ಚಿಟಿಕೆಯ ಲೆಕ್ಕದಲ್ಲಿ ಯೋಚಿಸುವ ನಮಗೆ ಅದರ ಕಲ್ಪನೆಯೂ ಬರದು.

ಎರಡನೆಯ ಆಕ್ಷೇಪ ಹೊಟ್ಟೆಪಾಡಿನದು. ಊದುಬತ್ತಿ ಹೊಸೆಯುವ ಲಕ್ಷಾಂತರ ಹೆಂಗಸರ, ಸಂದಿಯಲ್ಲಿ ಅತ್ತರು ಮಾರುವ ಮುದುಕರ ಮೇಲೆ ಪ್ರಯೋಗಶಾಲೆಯ ಖರ್ಚು ಹೇರುವುದೇ? ಇದು ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ ಮಾತು. ಉತ್ತರ ಉದ್ಯಮದ ರಚನೆಯಲ್ಲೇ ಇದೆ. ಮನೆಯಲ್ಲಿ ಹೊಸೆಯುವುದು ಬರಿಯ ಕಪ್ಪು ಕಡ್ಡಿ. ಸುಗಂಧದಲ್ಲಿ ಅದ್ದುವುದು ಕಾರ್ಖಾನೆಯಲ್ಲಿ. ಸುಗಂಧದ ಮಿಶ್ರಣವನ್ನು ಒದಗಿಸುವವರು ಅದನ್ನು ಬಳಸುವವರಿಗಿಂತ ಬಹಳ ಕಡಿಮೆ. ಹೊಣೆಯನ್ನು ಆ ಮೇಲ್ತುದಿಯಲ್ಲಿ ಇಟ್ಟರೆ ಕೆಳಗಿನವರಿಗೆ ಭಾರವಿಲ್ಲ, ಬದಲಿಗೆ ರಕ್ಷಣೆ. ಏಮ್ಸ್ ಪರೀಕ್ಷೆಗೆ ಬೇಕಾದದ್ದು ಬ್ಯಾಕ್ಟೀರಿಯಾ, ತಟ್ಟೆ ಮತ್ತು ಎರಡು ಮೂರು ದಿನ. ಇಡೀ ದಿನ ಆ ಪರಿಮಳದ ನಡುವೆ ಕೂತಿರುವವರು ನಾವಲ್ಲ, ಅವರು ಎಂಬುದನ್ನೂ ಮರೆಯಬಾರದು.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಒಂದು ನಿಟ್ಟುಸಿರು: ಎಲ್ಲದರಲ್ಲೂ ವಿಷ ಹುಡುಕುತ್ತಾ ಕೂತರೆ ಬದುಕುವುದು ಹೇಗೆ? ಇದಕ್ಕೆ ಏಮ್ಸ್ ಅವರೇ ಉತ್ತರ ಕೊಟ್ಟಿದ್ದಾರೆ. ತಮ್ಮ ಪರೀಕ್ಷೆಯಿಂದ ಮಕ್ಕಳ ರಾತ್ರಿಯುಡುಪಿನ ರಾಸಾಯನಿಕವೊಂದರ ಅಪಾಯವನ್ನು ಎತ್ತಿ ತೋರಿಸಿದ ಅದೇ ಮನುಷ್ಯ, ಮುಂದೆ 1990ರಲ್ಲಿ, ನಾವು ತಿನ್ನುವ ಕೀಟನಾಶಕಗಳಲ್ಲಿ ತೂಕದ ಲೆಕ್ಕದಲ್ಲಿ ಶೇಕಡ 99.99 ಭಾಗ ಗಿಡಗಳೇ ತಮ್ಮ ರಕ್ಷಣೆಗೆ ತಯಾರಿಸಿಕೊಂಡವು ಎಂದು ಬರೆದರು. ನಮ್ಮ ಪ್ರೀತಿಯ ಕಾಫಿಯಲ್ಲಿ ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಕಾಫಿ ಬಿಡಿ ಎಂದು ಅವರು ಹೇಳಲಿಲ್ಲ. ಹೆದರುವ ಮೊದಲು ಅಳೆಯಿರಿ ಎಂದರು. ನಾನು ಕೇಳುತ್ತಿರುವುದೂ ನಿಷೇಧವನ್ನಲ್ಲ, ಅಳತೆಯನ್ನು.

ಮನೆಯ ವ್ಯಾಜ್ಯ ಹೀಗೆ ಬಗೆಹರಿಯಿತು: ಅಮ್ಮ ಬಜೆಯನ್ನು ತೇಯಲಿಲ್ಲ; ಬಟ್ಟೆಯಲ್ಲಿ ಸುತ್ತಿ ಮಗುವಿನ ಕೈಗೆಟುಕದಂತೆ ತೊಟ್ಟಿಲ ಹಗ್ಗಕ್ಕೆ ಕಟ್ಟಿದಳು. ತಂಗಿ ಅದಕ್ಕೆ ಅಡ್ಡಿ ಮಾಡಲಿಲ್ಲ. ನನ್ನ ಮಗನ ಸ್ಟ್ರಾಬೆರಿ ಹಾಲು ದಿನಕ್ಕೊಂದು ಇದ್ದದ್ದು ವಾರಕ್ಕೊಂದಾಯಿತು. ಅದು ಸುವಾಸನೆಯ ಭಯದಿಂದಲ್ಲ, ಸಕ್ಕರೆಯ ಲೆಕ್ಕದಿಂದ.

ಆ ಗಂಟನ್ನು ಕಟ್ಟಲು ಪಿನ್ನು ಬೇಕೆಂದು ಅಮ್ಮ ತನ್ನ ತಗಡಿನ ಡಬ್ಬಿಯನ್ನು ತೆರೆದಳು. ಅಪ್ಪನ ಜರ್ದಾ ಡಬ್ಬಿ ಅದು. ಇಷ್ಟು ವರ್ಷಗಳಿಂದ ಅದರಲ್ಲಿ ಗುಂಡಿಗಳು, ಪಿನ್ನುಗಳು. ಮುಚ್ಚಳ ತೆಗೆದೊಡನೆ ಇಂದಿಗೂ ಕಸ್ತೂರಿಯ ಘಮ ಎದ್ದು ಬಂತು. ಅಮ್ಮ ಸ್ವಲ್ಪ ಹೊತ್ತು ಅದನ್ನು ಮೂಗಿನ ಬಳಿ ಹಿಡಿದುಕೊಂಡಿದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟೆಲ್ಲ ಓದಿದೀಯಲ್ಲ, ಇದರಾಗೆ ಏನು ಹಾಕಿದ್ರಪ್ಪ?” ಎಂದು ಕೇಳಿದಳು.

ನಾನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹೂಬಳ್ಳಿಯ ಚಿತ್ರವಿತ್ತು, ತೂಕ ಬರೆದಿತ್ತು, ಬೆಲೆ ಬರೆದಿತ್ತು.